ಕಾವೇರಿ ನೀರು, ಕನ್ನಂಬಾಡಿ ಕಟ್ಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ಕನ್ನಂಬಾಡಿ ಕಟ್ಟೆಯಿಂದ (ಅದೇ ಕೆಆರ್‌ಎಸ್) ಹೊರಡುವ ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದಲ್ಲಿದೆ. ಆಗಸ್ಟ್ ಬಂದರೆ ಸಾಕು, ಫೋನಿನಲ್ಲಿ, ಕಾಗದದಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ನನಗೆ ಕಾವೇರಿಯದೇ ಪ್ರಶ್ನೆ. ಬೆಂಗಳೂರಿನ ನೆಂಟರು ಒಂದು ಕೇಳುತ್ತಾರೆ, ಊರಿನವರು ಇನ್ನೊಂದು. ಹೊಸೂರಿನಲ್ಲಿ ಕೆಲಸ ಮಾಡುವ ಗೆಳೆಯ ಮೂರನೆಯದು. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಲ್ಲಿಟ್ಟಿದ್ದೇನೆ. ಸುಲಭದವು ಮೊದಲು, ತಲೆನೋವಿನವು ಆಮೇಲೆ.

## ಮೊದಲು ಅಳತೆ, ಆಮೇಲೆ ಮಾತು

ದಿನಾ ಪೇಪರಲ್ಲಿ ಟಿಎಂಸಿ, ಕ್ಯೂಸೆಕ್ ಅಂತ ಬರುತ್ತೆ. ಎರಡೂ ಒಂದೇನಾ?

ಅಲ್ಲ. ಕ್ಯೂಸೆಕ್ ಹರಿವಿನ ಅಳತೆ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. ಪ್ರತಿ ಸೆಕೆಂಡಿಗೆ ಎರಡು ಕೊಡ ನೀರು ಅಂದುಕೊಳ್ಳಿ. ಟಿಎಂಸಿ ಒಟ್ಟು ನೀರಿನ ಅಳತೆ. ನೂರು ಕೋಟಿ ಘನ ಅಡಿ ಸೇರಿದರೆ ಒಂದು ಟಿಎಂಸಿ. ಲೀಟರಿನಲ್ಲಿ ಹೇಳುವುದಾದರೆ ಸುಮಾರು 2,830 ಕೋಟಿ.

ಒಂದನ್ನು ಇನ್ನೊಂದಕ್ಕೆ ಬದಲಿಸುವ ಲೆಕ್ಕ ಗೊತ್ತಿದ್ದರೆ ಸುದ್ದಿ ಓದುವುದು ಸಲೀಸು: 11,574 ಕ್ಯೂಸೆಕ್ ನೀರು ಪೂರ್ತಿ ಒಂದು ದಿನ ಹರಿದರೆ ಒಂದು ಟಿಎಂಸಿ. 2016ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದಿನಕ್ಕೆ 15,000 ಕ್ಯೂಸೆಕ್‌ನಂತೆ ಹತ್ತು ದಿನ ಬಿಡಿ ಎಂದಿತ್ತು. ಅದು ಸುಮಾರು 13 ಟಿಎಂಸಿ. 2023ರಲ್ಲಿ 5,000 ಕ್ಯೂಸೆಕ್‌ನಂತೆ ಹದಿನೈದು ದಿನ ಎಂದಾಗ ಸುಮಾರು ಆರೂವರೆ ಟಿಎಂಸಿ. ಕ್ಯೂಸೆಕ್ ಎಷ್ಟು ಅಂತ ಮಾತ್ರ ಹೇಳಿ ಎಷ್ಟು ದಿನ ಅಂತ ಹೇಳದ ಸುದ್ದಿ ಅರ್ಧ ಸುದ್ದಿ.

ಕಟ್ಟೆಯಲ್ಲಿ ನೂರು ಅಡಿ ನೀರಿದೆ, ತುಂಬೋಕೆ ಇನ್ನು 25 ಅಡಿ ಅಷ್ಟೇ. ಆದ್ರೂ ನೀರಿಲ್ಲ ಅಂತಾರಲ್ಲ, ಇದೇನು ನಾಟಕ?

ನಾಟಕ ಅಲ್ಲ. ಕಟ್ಟೆಯ ಹಿಂದಿನ ಜಾಗ ಮನೆಯ ಸಂಪಿನಂತೆ ನೇರ ಗೋಡೆಯದಲ್ಲ, ಬಾಣಲೆಯಂತೆ. ಕೆಳಗೆ ಕಿರಿದು, ಮೇಲೆ ಹೋದಂತೆ ಅಗಲ. ಮೇಲಿನ ಒಂದು ಅಡಿಯಲ್ಲಿ ಹಿಡಿಯುವ ನೀರು ತಳದ ಒಂದು ಅಡಿಗಿಂತ ಎಷ್ಟೋ ಪಾಲು ಜಾಸ್ತಿ. ಕೆಆರ್‌ಎಸ್‌ನ ಪೂರ್ಣ ಮಟ್ಟ 124.80 ಅಡಿ, ಆಗ ಅದರಲ್ಲಿ 49.45 ಟಿಎಂಸಿ. ಮಟ್ಟ ನೂರು ಅಡಿಗೆ ಇಳಿದಾಗ ನೀರು ಅದರ ಅರ್ಧಕ್ಕಿಂತ ಕಡಿಮೆ. ಅದರಲ್ಲೂ ತಳದ ನಾಲ್ಕು ಟಿಎಂಸಿಯಷ್ಟು ತೂಬಿಗೆ ಸಿಗದ ನೀರು. ಹಾಗಾಗಿ ಅಡಿ ನೋಡಬೇಡಿ, ಟಿಎಂಸಿ ನೋಡಿ.

ಕಾವೇರಿಗೆ ಇರೋದು ಕೆಆರ್‌ಎಸ್ ಒಂದೇ ಅಲ್ವಾ?

ನಮ್ಮ ಕಡೆ ಲೆಕ್ಕಕ್ಕೆ ಬರುವ ಕಟ್ಟೆಗಳು ನಾಲ್ಕು. ಕುಶಾಲನಗರದ ಹತ್ತಿರ ಹಾರಂಗಿ, ಗೊರೂರಿನಲ್ಲಿ ಹೇಮಾವತಿ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಕಬಿನಿ, ಮತ್ತೆ ನಮ್ಮ ಕನ್ನಂಬಾಡಿ. ನಾಲ್ಕೂ ತುಂಬಿದರೆ 114 ಟಿಎಂಸಿ ಚಿಲ್ಲರೆ. ಕೆಳಗೆ ತಮಿಳುನಾಡಿನ ಮೆಟ್ಟೂರು ಒಂದೇ 93.47 ಟಿಎಂಸಿ ಹಿಡಿಯುತ್ತದೆ. ಕೆಆರ್‌ಎಸ್ ಹೆಸರು ಮಾತ್ರ ಕೇಳಿಬರುವುದಕ್ಕೆ ಕಾರಣ, ಅದು ದೊಡ್ಡದು, ಹಳೆಯದು, ಮೈಸೂರಿಗೆ ಹತ್ತಿರದ್ದು. ಜೊತೆಗೆ ಮುಖ್ಯಮಂತ್ರಿಗಳು ಬಾಗಿನ ಬಿಡುವ ಫೋಟೊ ಅಲ್ಲಿಂದಲೇ ಬರುತ್ತದೆ.

ಬಿಳಿಗುಂಡ್ಲು ಅಂತ ಹೇಳ್ತಾರಲ್ಲ, ಅಲ್ಲಿ ಡ್ಯಾಮ್ ಇದೆಯಾ?

ಇಲ್ಲ. ಹೊಗೇನಕಲ್‌ಗಿಂತ ಸ್ವಲ್ಪ ಮೇಲೆ, ಗಡಿಯಲ್ಲಿರುವ ನೀರಳೆಯುವ ಜಾಗ ಅದು. ಕೇಂದ್ರ ಜಲ ಆಯೋಗದವರು ಅಳೆಯುತ್ತಾರೆ. ಕರ್ನಾಟಕ ಎಷ್ಟು ಬಿಟ್ಟಿತು ಎಂಬುದು ಕಟ್ಟೆಯ ಗೇಟಿನಲ್ಲಿ ತೀರ್ಮಾನ ಆಗುವುದಿಲ್ಲ, ಇಲ್ಲಿ ಆಗುತ್ತದೆ. ಕಟ್ಟೆಗಳ ಕೆಳಗೆ ಬಿದ್ದ ಮಳೆ, ಶಿಂಷಾ, ಅರ್ಕಾವತಿಯಿಂದ ಸೇರಿದ ನೀರು ಎಲ್ಲವೂ ನಮ್ಮ ಖಾತೆಗೆ ಜಮಾ. ಇವತ್ತು ಗೇಟ್ ತೆಗೆದರೆ ಅಲ್ಲಿ ಏರುವುದು ಕೆಲವು ದಿನ ಬಿಟ್ಟು. ಟಿವಿಯವರು ಎರಡು ಕಡೆಯ ಅಂಕಿಯನ್ನು ಒಂದೇ ದಿನಕ್ಕೆ ಹೋಲಿಸಿ ಕೂಗಾಡುವಾಗ ಇದು ನೆನಪಿರಲಿ.

## ಜಗಳದ ಬೇರು

ಕಾವೇರಿ ಹುಟ್ಟೋದು ನಮ್ಮಲ್ಲಿ. ನಮಗೆ ಉಳಿದಿದ್ದು ತಾನೆ ಬೇರೆಯವರಿಗೆ?

ಇದು ಅತಿ ಹೆಚ್ಚು ಬರುವ ಪ್ರಶ್ನೆ, ಅದಕ್ಕೇ ಸ್ವಲ್ಪ ಉದ್ದ ಉತ್ತರ.

ಹುಟ್ಟಿದವರಿಗೇ ನದಿ ಎಂಬ ನಿಯಮ ಒಪ್ಪಿದರೆ ಮೊದಲು ಕಳೆದುಕೊಳ್ಳುವವರು ನಾವೇ. ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಕೃಷ್ಣೆ ಹುಟ್ಟುವುದು ಮಹಾರಾಷ್ಟ್ರದ ಮಹಾಬಲೇಶ್ವರದಲ್ಲಿ. ಬೇಸಿಗೆಯಲ್ಲಿ ಉತ್ತರ ಕರ್ನಾಟಕ ಒಣಗಿದಾಗ ಕೊಯ್ನಾ ಜಲಾಶಯದಿಂದ ಸ್ವಲ್ಪ ನೀರು ಬಿಡಿ ಎಂದು ಮಹಾರಾಷ್ಟ್ರಕ್ಕೆ ಪತ್ರ ಬರೆಯುವುದು ನಮ್ಮ ಸರ್ಕಾರವೇ. ಕಾವೇರಿಯಲ್ಲಿ ನಾವು ಮೇಲಿನವರು, ಕೃಷ್ಣೆಯಲ್ಲಿ ಕೆಳಗಿನವರು. ಎರಡು ಕಡೆ ಎರಡು ನ್ಯಾಯ ಹೇಳಿದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 1924ರಲ್ಲಿ ಒಪ್ಪಂದ ಆದಾಗ ತಲಕಾವೇರಿ ಮೈಸೂರು ಸಂಸ್ಥಾನದ ಒಳಗೇ ಇರಲಿಲ್ಲ. ಕೊಡಗು ಬ್ರಿಟಿಷರ ಕೈಯಲ್ಲಿತ್ತು. ಅದು ನಮ್ಮ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ನಕ್ಷೆಯ ಗೆರೆ ಬದಲಾಗುತ್ತದೆ, ನದಿ ಬದಲಾಗುವುದಿಲ್ಲ. 2018ರ ತೀರ್ಪಿನಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಅಂತರರಾಜ್ಯ ನದಿ ಯಾವ ಒಂದು ರಾಜ್ಯದ ಸ್ವತ್ತೂ ಅಲ್ಲ. ಇದು ನಮಗೆ ಹೇಗೋ ತಮಿಳುನಾಡಿಗೂ ಹಾಗೇ. ಕಲ್ಲಣೆ ಎಂಬ ಎರಡು ಸಾವಿರ ವರ್ಷದ ಅಣೆಕಟ್ಟು ಇದೆ ಅಂದ ಮಾತ್ರಕ್ಕೆ ಪೂರ್ತಿ ನದಿ ಅವರದ್ದಾಗುವುದಿಲ್ಲ.

1924ರ ಒಪ್ಪಂದ ಅನ್ಯಾಯ ಅಂತಾರೆ. ಏನಿತ್ತು ಅದರಲ್ಲಿ?

ಅದಕ್ಕೂ ಹಿಂದೆ 1892ರಲ್ಲಿ ಒಂದು ಒಪ್ಪಂದ ಆಗಿತ್ತು. ಮೈಸೂರು ಹೊಸ ಕಟ್ಟೆ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕು ಎಂಬುದು ಅದರ ತಿರುಳು. ಒಂದು ಕಡೆ ಸಂಸ್ಥಾನ, ಇನ್ನೊಂದು ಕಡೆ ನೇರ ಬ್ರಿಟಿಷ್ ಆಡಳಿತದ ಪ್ರಾಂತ್ಯ. ಸಮಬಲದ ಮಾತುಕತೆ ಅಲ್ಲ ಅನ್ನುವುದರಲ್ಲಿ ಅನುಮಾನವೇ ಇಲ್ಲ.

ಕನ್ನಂಬಾಡಿ ಕೆಲಸ 1911ರಲ್ಲಿ ಶುರುವಾದಾಗ ಮದ್ರಾಸು ಸುಮಾರು 11 ಟಿಎಂಸಿಯ ಸಣ್ಣ ಕಟ್ಟೆಗೆ ಮಾತ್ರ ಒಪ್ಪಿತ್ತು. ವಿಶ್ವೇಶ್ವರಯ್ಯನವರು ಅಡಿಪಾಯವನ್ನು ದೊಡ್ಡ ಕಟ್ಟೆಗೆ ಆಗುವಷ್ಟೇ ಅಗಲವಾಗಿ ಹಾಕಿಸಿದರು. ನನಗೆ ಈ ಕತೆಯಲ್ಲಿ ಬಹಳ ಇಷ್ಟವಾದ ಭಾಗ ಇದು. ಒಪ್ಪಿಗೆ ಸಣ್ಣದಕ್ಕೆ, ಪಾಯ ದೊಡ್ಡದಕ್ಕೆ! 1914ರಲ್ಲಿ ಗ್ರಿಫಿನ್ ಎಂಬ ನ್ಯಾಯಾಧೀಶರ ಪಂಚಾಯ್ತಿ, ಅದರ ಮೇಲೆ ಮದ್ರಾಸಿನ ತಕರಾರು, ಕೊನೆಗೆ 1924ರ ಫೆಬ್ರವರಿಯಲ್ಲಿ ಒಪ್ಪಂದ. ಮೈಸೂರಿಗೆ ಕನ್ನಂಬಾಡಿ ಸಿಕ್ಕಿತು, ಮದ್ರಾಸಿಗೆ ಮೆಟ್ಟೂರು ಸಿಕ್ಕಿತು. ಮೈಸೂರು ಎಷ್ಟು ಹೊಸ ಜಮೀನಿಗೆ ನೀರು ಕೊಡಬಹುದು ಎಂಬುದಕ್ಕೆ ಮಿತಿ ಬಿತ್ತು. ಐವತ್ತು ವರ್ಷ ಆದ ಮೇಲೆ, ಅಂದರೆ 1974ರಲ್ಲಿ, ಮರುಪರಿಶೀಲನೆ ಅಂತಾಯಿತು. ಆಗ ಕರ್ನಾಟಕ ಒಪ್ಪಂದ ಮುಗಿಯಿತು ಎಂದಿತು, ತಮಿಳುನಾಡು ಮುಗಿದಿಲ್ಲ ಎಂದಿತು. ಇವತ್ತಿನ ಜಗಳ ಹುಟ್ಟಿದ್ದು ಅಲ್ಲಿಂದ.

ಟ್ರಿಬ್ಯೂನಲ್, ಸುಪ್ರೀಂ ಕೋರ್ಟ್ ಅಂತ ಎಷ್ಟೊಂದು ತೀರ್ಪು. ಕೊನೆಗೆ ಯಾರಿಗೆ ಎಷ್ಟು?

1990ರ ಜೂನ್‌ನಲ್ಲಿ ನ್ಯಾಯಮಂಡಳಿ ಬಂತು. 1991ರಲ್ಲಿ ಮಧ್ಯಂತರ ಆದೇಶ: ವರ್ಷಕ್ಕೆ 205 ಟಿಎಂಸಿ ಬಿಡಿ. ಬಂಗಾರಪ್ಪನವರ ಸರ್ಕಾರ ಅದನ್ನು ತಳ್ಳಿಹಾಕಲು ಸುಗ್ರೀವಾಜ್ಞೆ ತಂದಿತು, ಸುಪ್ರೀಂ ಕೋರ್ಟ್ ಅದು ಸಂವಿಧಾನಕ್ಕೆ ವಿರುದ್ಧ ಎಂದಿತು. ಆ ಡಿಸೆಂಬರ್‌ನ ಗಲಭೆ ನೋಡಿದವರು ಇನ್ನೂ ಮರೆತಿಲ್ಲ.

2007ರ ಫೆಬ್ರವರಿಯಲ್ಲಿ ಅಂತಿಮ ತೀರ್ಪು. ಒಟ್ಟು 740 ಟಿಎಂಸಿ ಎಂದು ಹಿಡಿದು ತಮಿಳುನಾಡಿಗೆ 419, ನಮಗೆ 270, ಕೇರಳಕ್ಕೆ 30, ಪುದುಚೇರಿಗೆ 7 ಕೊಟ್ಟರು. ಬಿಳಿಗುಂಡ್ಲಿನಲ್ಲಿ 192 ಟಿಎಂಸಿ ಹರಿಯಬೇಕು ಎಂದರು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು 177.25ಕ್ಕೆ ಇಳಿಸಿತು. ನಮಗೆ ಹೆಚ್ಚಾಗಿ ಸಿಕ್ಕಿದ್ದು 14.75 ಟಿಎಂಸಿ. ಅದರಲ್ಲಿ 10 ಟಿಎಂಸಿ ತಮಿಳುನಾಡಿನಲ್ಲಿ ಅಂತರ್ಜಲ ಇದೆ ಎಂಬ ಕಾರಣಕ್ಕೆ, 4.75 ಬೆಂಗಳೂರಿನ ಕುಡಿಯುವ ನೀರಿಗೆ. ಹಾಗಾಗಿ ಈಗ ನಮ್ಮ ಪಾಲು 284.75, ತಮಿಳುನಾಡಿನದು 404.25.

ಅವರಿಗೆ ಅಕ್ಟೋಬರ್‌ನಲ್ಲಿ ಹಿಂಗಾರು ಬರುತ್ತಲ್ಲ. ಜೂನ್‌ನಿಂದಲೇ ಯಾಕೆ ಕೇಳ್ತಾರೆ?

ಅವರ ಬೆಳೆಯ ಪಂಚಾಂಗ ಹಾಗಿದೆ. ಕುರುವೈ ಎಂಬ ಅಲ್ಪಾವಧಿ ಭತ್ತ ಜೂನ್‌ನಲ್ಲಿ ಶುರು. ಸಾಂಬಾ ಎಂಬ ದೊಡ್ಡ ಬೆಳೆ ಆಗಸ್ಟ್ ಹೊತ್ತಿಗೆ ಶುರುವಾಗಿ ಜನವರಿವರೆಗೆ. ಮೆಟ್ಟೂರು ತೆರೆಯುವ ವಾಡಿಕೆಯ ದಿನ ಜೂನ್ 12. ಹಿಂಗಾರು ಮಳೆ ಸಾಂಬಾ ಬೆಳೆಯ ಕೊನೆಯ ಅರ್ಧಕ್ಕೆ ಮಾತ್ರ ಆಗುತ್ತದೆ, ನಾಟಿಗೆ ಆಗುವುದಿಲ್ಲ. ನಮ್ಮ ಮಳೆ ಕೊಡಗು, ವಯನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್. ಅವರಿಗೆ ನೀರು ಬೇಕಾದ ಕಾಲವೂ ಅದೇ, ನಮ್ಮ ಕಟ್ಟೆ ತುಂಬಬೇಕಾದ ಕಾಲವೂ ಅದೇ, ನಮ್ಮ ಒಟ್ಲು (ಭತ್ತದ ಸಸಿಮಡಿ) ಹಾಕುವ ಕಾಲವೂ ಅದೇ. ಬಿಳಿಗುಂಡ್ಲಿನಲ್ಲಿ ಹರಿಯಬೇಕಾದ ನೀರಿನ ತಿಂಗಳ ಪಟ್ಟಿ ನೋಡಿ: ಜುಲೈಗೆ 31.24, ಆಗಸ್ಟ್‌ಗೆ 45.95, ಸೆಪ್ಟೆಂಬರ್‌ಗೆ 36.76 ಟಿಎಂಸಿ. ವರ್ಷದ ಪಾಲಿನಲ್ಲಿ ಮೂರನೇ ಎರಡು ಭಾಗದ ಹತ್ತಿರ ಈ ಮೂರೇ ತಿಂಗಳಲ್ಲಿ ಹೋಗಬೇಕು. ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ ಬರೀ ಎರಡೂವರೆ.

ಇಷ್ಟೆಲ್ಲ ತೀರ್ಪು ಆದಮೇಲೂ 2023ರಲ್ಲಿ ಮತ್ತೆ ಬಂದ್ ಯಾಕೆ? ಲೆಕ್ಕ ಮುಗಿದಿರಲಿಲ್ವಾ?

ಮುಗಿದಿದ್ದು ಒಳ್ಳೇ ವರ್ಷದ ಲೆಕ್ಕ. ಕೆಟ್ಟ ವರ್ಷದ ಲೆಕ್ಕ ಇವತ್ತಿಗೂ ಸರಿಯಾಗಿ ಬರೆದಿಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುತ್ತೀರಾದರೆ ಇದನ್ನು ಓದಿ.

740 ಟಿಎಂಸಿ ಅನ್ನುವುದು ಶೇ 50ರ ಭರವಸೆಯ ಅಂಕಿ. ಅಂದರೆ ಎರಡು ವರ್ಷಕ್ಕೆ ಒಂದು ಸಲ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ನೀರು ಬರುತ್ತದೆ, ಇನ್ನೊಂದು ವರ್ಷ ಅದಕ್ಕಿಂತ ಕಡಿಮೆ. 177.25 ಹುಟ್ಟಿದ್ದು ಆ 740ರಿಂದ. ಆ ಇನ್ನೊಂದು ವರ್ಷಕ್ಕೆ ಏನು? ನ್ಯಾಯಮಂಡಳಿ ಹೇಳಿದ್ದು, ಕೊರತೆ ಬಂದರೆ ಪಾಲಿಗೆ ತಕ್ಕಂತೆ ಎಲ್ಲರಿಗೂ ಕಡಿಮೆ ಮಾಡಿ. ಕೇಳಲು ಚೆನ್ನಾಗಿದೆ. ಆದರೆ ಆಗಸ್ಟ್ 15ಕ್ಕೆ ಈ ವರ್ಷ ಕೊರತೆ ಎಷ್ಟು ಅಂತ ಯಾರು ಹೇಳುತ್ತಾರೆ? ಸೆಪ್ಟೆಂಬರ್ ಮಳೆ ಇನ್ನೂ ಬಂದಿಲ್ಲ. ವರ್ಷದ ಕೊರತೆ ಗೊತ್ತಾಗುವುದು ವರ್ಷ ಮುಗಿದ ಮೇಲೆ. ನೀರು ಬಿಡಬೇಕಾದ್ದು ಮಾತ್ರ ಇವತ್ತು.

2018ರ ಜೂನ್‌ನಲ್ಲಿ ಬಂದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ, ಅದರ ಕೆಳಗಿನ ನಿಯಂತ್ರಣ ಸಮಿತಿ ಮಾಡುವ ಲೆಕ್ಕ ಹೀಗೆ: ನಮ್ಮ ನಾಲ್ಕು ಕಟ್ಟೆಗೆ ಇಲ್ಲಿವರೆಗೆ ಬಂದ ಒಳಹರಿವನ್ನು ಹಿಂದಿನ 30 ವರ್ಷದ ಸರಾಸರಿ ಜೊತೆ ಹೋಲಿಸು, ಎಷ್ಟು ಶೇಕಡಾ ಕಡಿಮೆಯೋ ಬಿಡುವ ನೀರನ್ನೂ ಅಷ್ಟು ಶೇಕಡಾ ಕಡಿಮೆ ಮಾಡು. 2023ರ ಆಗಸ್ಟ್ ದೇಶದಲ್ಲೇ ನೂರು ವರ್ಷಕ್ಕೂ ಹೆಚ್ಚಿನ ದಾಖಲೆಯಲ್ಲಿ ಅತಿ ಒಣ ಆಗಸ್ಟ್. ಸೆಪ್ಟೆಂಬರ್ ಹೊತ್ತಿಗೆ ಒಳಹರಿವಿನ ಕೊರತೆ ಅರ್ಧ ದಾಟಿತ್ತು. ತಮಿಳುನಾಡು 24,000 ಕ್ಯೂಸೆಕ್ ಕೇಳಿತು. ಕರ್ನಾಟಕ ಕುಡಿಯುವ ನೀರಿಗೇ ಇಲ್ಲ ಎಂದಿತು. ಸಮಿತಿ 5,000 ಎಂದಿತು, ಆಮೇಲೆ 3,000 ಎಂದಿತು. ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್.

ನಮ್ಮ ವಾದದಲ್ಲಿ ಹುರುಳಿತ್ತು. ಕಟ್ಟೆಯಲ್ಲಿ ಮುಂದಿನ ಜೂನ್‌ವರೆಗೆ ಕುಡಿಯಲು ಎಷ್ಟು ಬೇಕು ಎಂಬುದನ್ನು ಮೊದಲು ತೆಗೆದಿಟ್ಟು ಆಮೇಲೆ ಕೊರತೆ ಹಂಚಬೇಕು ಎಂಬುದು ಸರಿಯಾದ ಮಾತು. ಅವರ ವಾದದಲ್ಲೂ ಹುರುಳಿತ್ತು. ತಡವಾಗಿ ಬಿಟ್ಟ ನೀರಿನಿಂದ ಒಣಗಿದ ಪೈರು ಏಳುವುದಿಲ್ಲ. ಕೊನೆಗೆ ಆ ನೀರಿನ ವರ್ಷದಲ್ಲಿ (ಜೂನ್‌ನಿಂದ ಮೇವರೆಗೆ) ಗಡಿ ದಾಟಿದ್ದು 177.25ರ ಅರ್ಧದಷ್ಟೂ ಇಲ್ಲ. ಅಂದರೆ ಕೊರತೆ ಹಂಚಿಕೆ ಹೇಗೋ ನಡೆದೇ ಹೋಯಿತು. ಎಲ್ಲರಿಗೂ ಮೊದಲೇ ಗೊತ್ತಿರುವ ಸೂತ್ರದಿಂದ ಮಾತ್ರ ನಡೆಯಲಿಲ್ಲ. ಹದಿನೈದು ದಿನಕ್ಕೊಂದು ಸಭೆ, ಒಂದು ಬಂದ್, ಒಂದು ಅರ್ಜಿ, ಹೀಗೆ ನಡೆಯಿತು. ಸೂತ್ರ ಮೇ ತಿಂಗಳಲ್ಲೇ ಗೊತ್ತಿದ್ದರೆ ನಮ್ಮ ಊರಿನವರು ಒಟ್ಲು ಹಾಕಬೇಕೋ ರಾಗಿ ಚೆಲ್ಲಬೇಕೋ ಎಂದು ಮೊದಲೇ ತೀರ್ಮಾನ ಮಾಡುತ್ತಿದ್ದರು. ಆ ವರ್ಷ ನಮ್ಮ ಮನೆಯಲ್ಲಿ ಒಟ್ಲು ಹಾಕಿ, ನಾಟಿ ಮಾಡದೆ, ದನಕ್ಕೆ ಮೇಯಿಸಿದೆವು.

ಒಳ್ಳೇ ವರ್ಷದಲ್ಲಿ ಜಾಸ್ತಿ ಹೋಗುತ್ತಲ್ಲ, ಅದನ್ನ ಮುಂದಿನ ವರ್ಷಕ್ಕೆ ವಜಾ ಹಾಕ್ಕೊಳ್ಳೋಕೆ ಆಗಲ್ವಾ?

2022-23ರ ನೀರಿನ ವರ್ಷದಲ್ಲಿ 600 ಟಿಎಂಸಿಗೂ ಹೆಚ್ಚು ಗಡಿ ದಾಟಿತು. ಕೊಡಬೇಕಾದ್ದರ ಮೂರು ಪಟ್ಟಿಗೂ ಜಾಸ್ತಿ. ಅದರ ಮರುವರ್ಷವೇ ಬರ. ಆದರೆ ನೀರು ಬ್ಯಾಂಕಿನ ದುಡ್ಡಲ್ಲ. ಆ ನೀರನ್ನು ಅವರೂ ಹಿಡಿದಿಡಲಿಲ್ಲ, ಹಿಡಿಯಲು ಜಾಗವೂ ಇರಲಿಲ್ಲ, ಬಹುಪಾಲು ಸಮುದ್ರ ಸೇರಿತು. ಇಲ್ಲದ ನೀರನ್ನು ಕೊಟ್ಟಿದ್ದೇವೆ ಎಂದು ವಜಾ ಹಾಕಲು ತೀರ್ಪಿನಲ್ಲಿ ಅವಕಾಶ ಇಲ್ಲ.

## ಕಟ್ಟೆ ನಡೆಸುವ ಕಷ್ಟ

ಒಂದೇ ಸಲ ಗೇಟ್ ತೆಗೆದು ಊರು ಮುಳುಗಿಸ್ತಾರೆ. ಮುಂಚೆನೇ ಸ್ವಲ್ಪ ಸ್ವಲ್ಪ ಬಿಡೋಕೆ ಏನು ದಾಡಿ?

ಒಂದೇ ಕಟ್ಟೆಗೆ ಎರಡು ತದ್ವಿರುದ್ಧ ಕೆಲಸ ಕೊಟ್ಟಿದ್ದೇವೆ. ಬೆಳೆಗೆ, ಕುಡಿಯಲು ಬೇಕಾದರೆ ತುಂಬಿಟ್ಟುಕೊಳ್ಳಬೇಕು. ಪ್ರವಾಹ ತಡೆಯಬೇಕಾದರೆ ಖಾಲಿ ಇಟ್ಟುಕೊಳ್ಳಬೇಕು. ಜುಲೈ ಕೊನೆಗೆ ಕೆಆರ್‌ಎಸ್ 120 ಅಡಿ ಇದೆ ಅಂದುಕೊಳ್ಳಿ. ಎಂಜಿನಿಯರ್ ಹತ್ತು ಟಿಎಂಸಿ ಮುಂಚೆಯೇ ಬಿಟ್ಟರು, ಆಮೇಲೆ ಆಗಸ್ಟ್ ಒಣಗಿತು. ಆಗ ನಾವೇ ಅವರನ್ನು ಸುಮ್ನೆ ಬಿಡುತ್ತೇವಾ? ಹಾಗಾಗಿ ಯಾರೇ ಆ ಕುರ್ಚಿಯಲ್ಲಿ ಕೂತರೂ ತುಂಬಿಸಿಕೊಳ್ಳುವ ಕಡೆಗೇ ವಾಲುತ್ತಾರೆ. ಕೊಡಗು, ವಯನಾಡಿನಲ್ಲಿ ಒಂದೇ ಸಲ ಸುರಿದರೆ ಬಂದಷ್ಟನ್ನೂ ಬಿಡುವುದು ಬಿಟ್ಟು ಬೇರೆ ದಾರಿ ಇಲ್ಲ. 2018ರ ಮಳೆಗಾಲದಲ್ಲಿ ಶಿವನಸಮುದ್ರದ ಹಳೇ ವೆಸ್ಲಿ ಸೇತುವೆ ಕೊಚ್ಚಿಹೋಗಿದ್ದು ಹೀಗೇ. ಕಬಿನಿ ಸಣ್ಣ ಕಟ್ಟೆ, 19.52 ಟಿಎಂಸಿ. ಅದು ಬೇಗ ತುಂಬುತ್ತದೆ, ನಂಜನಗೂಡು ಬೇಗ ಒದ್ದೆಯಾಗುತ್ತದೆ.

ಇದಕ್ಕೆ ಮದ್ದು ಒಳ್ಳೆಯ ಮಳೆ ಮುನ್ಸೂಚನೆ, ಮತ್ತು ಯಾವ ತಾರೀಖಿಗೆ ಎಷ್ಟು ಮಟ್ಟ ಇರಬೇಕು ಎಂದು ಮೊದಲೇ ಬರೆದಿಟ್ಟ ಪಟ್ಟಿ. ಆ ಪಟ್ಟಿ ಜನರ ಕಣ್ಣಿಗೂ ಬೀಳಬೇಕು.

ತುಂಗಭದ್ರಾ ಗೇಟ್ ಕೊಚ್ಚಿಹೋದ ಹಾಗೆ ಕೆಆರ್‌ಎಸ್‌ಗೂ ಆದ್ರೆ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಹೋಯಿತು. ಅಲ್ಲಿರುವುದು 33 ಗೇಟು, ಏಳು ದಶಕದ ಹಳೆಯವು. ಕಟ್ಟೆಯ ಮೇಲೆ ಒತ್ತಡ ಕಡಿಮೆ ಮಾಡಲು ಬೇರೆ ಗೇಟುಗಳನ್ನೂ ತೆರೆಯಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ ಕಬ್ಬಿಣದ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಒಂದು ವಾರದಲ್ಲಿ ಮುಚ್ಚಿದರು. ಅದು ನಿಜಕ್ಕೂ ದೊಡ್ಡ ಸಾಹಸ. ಆದರೆ ಮರುವರ್ಷ ಆ ಕಟ್ಟೆಯನ್ನು 80 ಟಿಎಂಸಿಗಿಂತ ಜಾಸ್ತಿ ತುಂಬಿಸಲಿಲ್ಲ. ಗೇಟಿನ ಬೆಲೆ ಅದು.

ಕನ್ನಂಬಾಡಿ ಸುರ್ಕಿ ಗಾರೆಯಿಂದ (ಸುಣ್ಣ, ಇಟ್ಟಿಗೆ ಪುಡಿ) ಕಟ್ಟಿದ ಕಲ್ಲಿನ ಕಟ್ಟೆ. ಗೋಡೆ ಗಟ್ಟಿ. ಯಾವ ಕಟ್ಟೆಯಲ್ಲೂ ಮೊದಲು ಸವೆಯುವುದು ಗೇಟು, ಸರಪಳಿ, ರಬ್ಬರ್ ಸೀಲು. ಕೆಆರ್‌ಎಸ್‌ನ ಹಳೇ ಗೇಟುಗಳನ್ನು ಬದಲಿಸಿದ್ದಾರೆ. 2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆಯೂ ಬಂದಿದೆ. ಬಾಗಿನಕ್ಕೆ ಸಿಗುವ ಕ್ಯಾಮರಾಗಳಲ್ಲಿ ಒಂದಾದರೂ ಗ್ರೀಸ್ ಹಚ್ಚುವ ದಿನ ಹೋದರೆ ಒಳ್ಳೆಯದು.

ಹೂಳು ತೆಗೆದ್ರೆ ಸಾಕಲ್ವಾ, ಹೊಸ ಡ್ಯಾಮ್ ಯಾಕೆ?

ಹೂಳಿನ ಪೆಟ್ಟು ನೋಡಬೇಕಾದರೂ ತುಂಗಭದ್ರೆಗೇ ಹೋಗಬೇಕು. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105.79. ಕಳೆದುಹೋದದ್ದು 27 ಟಿಎಂಸಿ. ಅಷ್ಟು ಹೂಳು ಎತ್ತಲು ಲಾರಿಗೆ ಹತ್ತು ಘನ ಮೀಟರ್ ಎಂದರೂ ಏಳೂವರೆ ಕೋಟಿ ಲಾರಿ ಲೋಡು ಬೇಕು. ಸುರಿಯುವುದೆಲ್ಲಿ? ಕೆರೆಯ ಹೂಳು ಗದ್ದೆಗೆ ಹೊಡೆಯಬಹುದು, ಜಲಾಶಯದ್ದು ಆಗದ ಮಾತು. ಮೇಲಿನ ಕಾಡು, ಹೊಲದ ಮಣ್ಣು ಕೊಚ್ಚಿ ಬರದಂತೆ ನೋಡಿಕೊಳ್ಳುವುದೇ ಅಗ್ಗ. ಕೊಡಗಿನ ಕಾಡು ಉಳಿಸಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಭತ್ತ, ಕಬ್ಬು ಬಿಟ್ಟರೆ ಜಗಳವೇ ಇರಲ್ಲ ಅಂತಾರೆ ಪೇಟೆಯವರು. ನೀವೇನಂತೀರಿ?

ಅರ್ಧ ಒಪ್ಪುತ್ತೇನೆ. ಲೆಕ್ಕ ಇಲ್ಲಿದೆ: ಭತ್ತದ ಗದ್ದೆಗೆ ಬೆಳೆ ಮುಗಿಯುವವರೆಗೆ ನಾಲ್ಕು ಅಡಿ ನೀರು ನಿಲ್ಲಿಸಿದಷ್ಟು ಬೇಕೆಂದುಕೊಳ್ಳಿ. ಒಂದು ಟಿಎಂಸಿಯಲ್ಲಿ ಆಗುವುದು 5,700 ಎಕರೆ. ಅದೂ ನಾಲೆಯಲ್ಲಿ ಹನಿಯೂ ಸೋರದಿದ್ದರೆ. ಎರಡೂ ರಾಜ್ಯದಲ್ಲಿ ಕಾವೇರಿಯ ಬಹುಪಾಲು ನೀರು ಹೋಗುವುದು ಹೊಲಕ್ಕೆ.

ಆದರೆ ರೈತ ಭತ್ತ ಹಾಕುವುದು ಹಟಕ್ಕಲ್ಲ. ಭತ್ತಕ್ಕೆ ಕೊಳ್ಳುವವರಿದ್ದಾರೆ, ಕಬ್ಬಿಗೆ ಕಾರ್ಖಾನೆ ಇದೆ. ಇನ್ನೊಂದು ವಿಷಯ ಪೇಟೆಯವರಿಗೆ ಕಾಣುವುದಿಲ್ಲ. ನಾಲೆಯ ಮೊದಲ ಭಾಗದಲ್ಲಿ ಗದ್ದೆ ತುಂಬಿ ನಿಂತರೆ ಪಕ್ಕದವನ ಹೊಲವೂ ಜವುಗಾಗುತ್ತದೆ, ರಾಗಿ ಹಾಕಿದರೂ ಕೊಳೆಯುತ್ತದೆ. ಕೊನೇ ಭಾಗದ ನಮಗೆ ಸರದಿ ಬಂದಾಗ ನಾಲೆಯಲ್ಲಿ ನೀರೇ ಇರುವುದಿಲ್ಲ. ಹಿಂದೆ ನೀರುಗಂಟಿ ತೂಬಿನ ಮುಂದೆ ಕೂತಿರುತ್ತಿದ್ದ, ಯಾರಿಗೆ ಎಷ್ಟು ಹೊತ್ತು ಎಂಬುದು ಅವನ ಬಾಯಲ್ಲಿತ್ತು. ಈಗ ಆ ಕೆಲಸ ಮಾಡುವವರು ಕಡಿಮೆ. ರಾಜ್ಯ ರಾಜ್ಯದ ಜಗಳದಲ್ಲಿ ಮೇಲಿನವರು, ಕೆಳಗಿನವರು ಎಂದು ಮಾತಾಡುತ್ತೇವಲ್ಲ, ಅದೇ ಜಗಳ ಒಂದೇ ನಾಲೆಯ ಮೇಲೆ ನಮ್ಮ ನಮ್ಮಲ್ಲೇ ಇದೆ.

## ಬೆಂಗಳೂರು, ಮೇಕೆದಾಟು, ಇನ್ನು ಮುಂದೆ

ಬೆಂಗಳೂರು ಎಷ್ಟು ನೀರು ಕುಡಿಯುತ್ತೆ? ಮಂಡ್ಯದವರ ಪಾಲನ್ನ ಅದೇ ನುಂಗ್ತಿದೆ ಅಲ್ವಾ?

ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರ ಪಂಪ್ ಮಾಡಿ ತರುವ ನೀರು ಅದು. ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತಕ್ಕೂ ಮುಂಚೆ ದಿನಕ್ಕೆ 145 ಕೋಟಿ ಲೀಟರ್. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾಗಿ ಇನ್ನೂ 77.5 ಕೋಟಿ ಲೀಟರ್‌ಗೆ ದಾರಿ ಆಯಿತು. ಎರಡೂ ಸೇರಿ ವರ್ಷಕ್ಕೆ 29 ಟಿಎಂಸಿಯ ಹತ್ತಿರ. ನಮ್ಮ 284.75ರಲ್ಲಿ ಹತ್ತನೇ ಒಂದು ಭಾಗ. ನುಂಗುತ್ತಿದೆ ಎನ್ನಲಾಗದು, ಆದರೆ ಬರಗಾಲದಲ್ಲಿ ಕುಡಿಯುವ ನೀರಿಗೇ ಮೊದಲ ಪಂಕ್ತಿ. ನಾಲೆ ನಿಲ್ಲುತ್ತದೆ, ಪಂಪು ನಿಲ್ಲುವುದಿಲ್ಲ.

ಇಲ್ಲಿ ಒಂದು ಸ್ವಾರಸ್ಯ ಇದೆ. ನ್ಯಾಯಮಂಡಳಿಯ ಲೆಕ್ಕದಲ್ಲಿ ಊರಿಗೆ ಕೊಟ್ಟ ನೀರಿನಲ್ಲಿ ಖರ್ಚಾಗುವುದು ಶೇ 20 ಮಾತ್ರ, ಉಳಿದದ್ದು ಚರಂಡಿ ಮೂಲಕ ನದಿಗೆ ವಾಪಸ್. ಬೆಂಗಳೂರಿನ ಒಂದು ಪಾಲು ಕೊಳಚೆ ವೃಷಭಾವತಿ, ಅರ್ಕಾವತಿ ಮೂಲಕ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ, ನಿಜ. ಆದರೆ ಕೋರಮಂಗಲ, ಚಲ್ಲಘಟ್ಟ ಕಣಿವೆಯ ನೀರು ದಕ್ಷಿಣ ಪಿನಾಕಿನಿ ಕಡೆಯದು. ಅದನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಕೋಲಾರದವರಿಗೆ ಅದರಿಂದ ಅಂತರ್ಜಲ ಬಂದಿದೆ, ನನ್ನ ತಕರಾರಿಲ್ಲ. ಲೆಕ್ಕದ ಪುಸ್ತಕ ಒಂದು ಹೇಳುತ್ತದೆ, ಪೈಪು ಇನ್ನೊಂದು ಕಡೆ ಹೋಗುತ್ತದೆ, ಅಷ್ಟೇ.

ಮೇಕೆದಾಟು ಕಟ್ಟಿದ್ರೆ ಎಲ್ಲ ಸರಿ ಹೋಗುತ್ತಾ?

ಎಲ್ಲ ಅಲ್ಲ. ಕರ್ನಾಟಕ ಮುಂದಿಟ್ಟಿರುವುದು 67.16 ಟಿಎಂಸಿಯ ಸಮತೋಲನ ಜಲಾಶಯ, ಜೊತೆಗೆ 400 ಮೆಗಾವಾಟ್ ವಿದ್ಯುತ್. ಒಳ್ಳೇ ವರ್ಷದಲ್ಲಿ ಸುಮ್ಮನೆ ಹರಿದು ಹೋಗುವ ನೀರನ್ನು ಹಿಡಿದಿಟ್ಟು ತಿಂಗಳ ಪಟ್ಟಿಯಂತೆ ಬಿಡಬಹುದು ಎಂಬ ವಾದ ಗಟ್ಟಿಯಾಗಿದೆ. ಬಿಳಿಗುಂಡ್ಲಿಗೆ ಹತ್ತಿರ ಒಂದು ಕೀಲಿಕೈ ಸಿಕ್ಕಂತೆ. ತಮಿಳುನಾಡಿನ ಭಯವೂ ಅದೇ: ಕೀಲಿಕೈ ನಿಮ್ಮ ಕೈಯಲ್ಲಿರುತ್ತದಲ್ಲ? 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಅರ್ಜಿಗೆ ಇದು ಸಮಯವಲ್ಲ ಎಂದು ಹೇಳಿ, ಮೊದಲು ತಜ್ಞರು ನೋಡಲಿ ಎಂದಿತು.

ನನ್ನ ಅನುಮಾನ ಬೇರೆ. ಮುಳುಗುವುದು ಸುಮಾರು 5,000 ಹೆಕ್ಟೇರ್, ಹೆಚ್ಚಿನದು ಕಾವೇರಿ ವನ್ಯಧಾಮ ಮತ್ತು ಕಾಡು. ಆನೆ ಓಡಾಡುವ ಜಾಗ. ಇನ್ನು 2023ರಂಥ ವರ್ಷದಲ್ಲಿ ಮೇಲಿನ ನಾಲ್ಕು ಕಟ್ಟೆಯೇ ತುಂಬಲಿಲ್ಲ, ಐದನೆಯದಕ್ಕೆ ನೀರೆಲ್ಲಿಂದ? ಹಿಂದಿನ ವರ್ಷದ್ದು ಉಳಿಸಿಟ್ಟಿದ್ದರೆ ಮಾತ್ರ ಉಪಯೋಗ. ಉಳಿಸಿಟ್ಟ ನೀರು ಯಾರದು ಎಂಬ ಹೊಸ ಜಗಳಕ್ಕೆ ಮೊದಲೇ ಕಾಗದ ಆಗಿರಬೇಕು.

ನದಿಗೇ ಅಂತ ಪಾಲು ಇಲ್ವಾ?

ಇದೆ. 740ರಲ್ಲಿ 10 ಟಿಎಂಸಿ ಪರಿಸರಕ್ಕೆ, ಇನ್ನು 4 ಹೇಗೂ ಸಮುದ್ರಕ್ಕೆ ಹೋಗುತ್ತದೆ ಎಂದು ಬಿಟ್ಟದ್ದು. ನೂರಕ್ಕೆ ಎರಡು ರೂಪಾಯಿ ಕಾಣಿಕೆ. ಕೆಳಗೆ ಮುಖಜಭೂಮಿಯಲ್ಲಿ ಸಮುದ್ರದ ಉಪ್ಪು ನೀರು ಒಳಗೆ ಬರುತ್ತಿರುವುದಕ್ಕೂ ಮೀನು ಕಡಿಮೆಯಾಗಿರುವುದಕ್ಕೂ ಇದರ ಸಂಬಂಧ ಇದೆ.

ಬೇರೆ ದೇಶದಲ್ಲೂ ಹೀಗೇ ಕಿತ್ತಾಡ್ತಾರಾ?

ಅಮೆರಿಕದ ಕೊಲರಾಡೊ ನದಿಯನ್ನು 1922ರಲ್ಲಿ ಏಳು ರಾಜ್ಯಗಳು ಹಂಚಿಕೊಂಡವು. ಲೆಕ್ಕಕ್ಕೆ ಹಿಡಿದದ್ದು ಮಳೆ ಚೆನ್ನಾಗಿದ್ದ ವರ್ಷಗಳು. ಆಮೇಲೆ ಅಷ್ಟು ನೀರು ಬರಲೇ ಇಲ್ಲ, ಕಾಗದದ ಮೇಲಿನ ಪಾಲು ನದಿಗಿಂತ ದೊಡ್ಡದಾಯಿತು. ನೈಲ್ ನದಿಯ ಕತೆ ಇನ್ನೊಂದು ಥರ. 1959ರಲ್ಲಿ ಈಜಿಪ್ಟ್, ಸುಡಾನ್ ಇಬ್ಬರೇ ಹಂಚಿಕೊಂಡರು, ನೀರು ಹುಟ್ಟುವ ಇಥಿಯೋಪಿಯವನ್ನು ಕರೆಯಲೇ ಇಲ್ಲ. ಈಗ ಅದೇ ಇಥಿಯೋಪಿಯ ದೊಡ್ಡ ಕಟ್ಟೆ ಕಟ್ಟಿ 2025ರಲ್ಲಿ ಉದ್ಘಾಟನೆ ಮಾಡಿದೆ.

ರೈತ ರೈತ ಕೂತು ಮಾತಾಡಿದ್ರೆ ಆಗಲ್ವಾ?

ಆಗಿದೆ. 2003ರಲ್ಲಿ ಎರಡೂ ರಾಜ್ಯದ ರೈತರು ಸೇರಿ ಕಾವೇರಿ ಕುಟುಂಬ ಎಂದು ಮಾಡಿಕೊಂಡರು. ಚೆನ್ನೈನ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯವರು ಜೊತೆಗಿದ್ದರು. ಒಬ್ಬರ ಊರಿಗೆ ಇನ್ನೊಬ್ಬರು ಹೋಗಿ ಗದ್ದೆ ನೋಡಿದರು. ಕೊರತೆ ಹಂಚಿಕೆಗೆ ಸೂತ್ರ ಹುಡುಕಲು ಕೂತರು. ಸೂತ್ರ ಕೊನೆ ಮುಟ್ಟಲಿಲ್ಲ, ಸರ್ಕಾರಗಳೂ ಕೈ ಜೋಡಿಸಲಿಲ್ಲ. ಆದರೆ ಕೋರ್ಟಿನಲ್ಲಿ ವಕೀಲರು ಕೇಳದ ಪ್ರಶ್ನೆಯನ್ನು ಅವರು ಕೇಳಿದ್ದರು: ನಿಮ್ಮ ಬೆಳೆಗೆ ಯಾವ ವಾರ ನೀರು ಬರದಿದ್ದರೆ ಪೂರ್ತಿ ಹಾಳಾಗುತ್ತದೆ?

2018ರ ತೀರ್ಪು ಎಂದಿಗೂ ಹೀಗೇ ಇರುತ್ತಾ?

ಹದಿನೈದು ವರ್ಷಕ್ಕೆ ಎಂದು ಕೋರ್ಟ್ ಹೇಳಿದೆ. ಅಂದರೆ 2033ರವರೆಗೆ. ಈಗಿನಿಂದಲೇ ಅಂತರ್ಜಲ, ಬೆಳೆ, ಒಳಹರಿವಿನ ಲೆಕ್ಕ ಇಟ್ಟ ರಾಜ್ಯಕ್ಕೆ ಆಗ ಅನುಕೂಲ. ಆ ಹೊತ್ತಿಗೆ ಫೈಲು ಹುಡುಕಿದರೆ ಪ್ರಯೋಜನ ಇಲ್ಲ.

ನಾನು ರೈತನಲ್ಲ, ಆದ್ರೂ ವಿಷಯ ಗೊತ್ತಿರಬೇಕು. ದಿನಾ ಏನು ನೋಡಲಿ?

ಮೂರು ಅಂಕಿ. ಹಾರಂಗಿ, ಹೇಮಾವತಿ, ಕೆಆರ್‌ಎಸ್, ಕಬಿನಿ ನಾಲ್ಕರ ಒಟ್ಟು ಸಂಗ್ರಹ ಟಿಎಂಸಿಯಲ್ಲಿ, ಹೋದ ವರ್ಷ ಇದೇ ದಿನ ಎಷ್ಟಿತ್ತು, ಮತ್ತು ಜೂನ್ 1ರಿಂದ ಬಿಳಿಗುಂಡ್ಲಿನಲ್ಲಿ ಎಷ್ಟು ಹರಿದಿದೆ. ಆಗಸ್ಟ್ ಮೊದಲ ವಾರ ಈ ಮೂರನ್ನು ಒಂದು ಚೀಟಿಯಲ್ಲಿ ಬರೆದಿಡಿ. ಆ ವರ್ಷ ಬಂದ್ ಆಗುತ್ತದೋ ಇಲ್ಲವೋ, ಟಿವಿಗಿಂತ ಮೊದಲೇ ನಿಮಗೆ ಗೊತ್ತಾಗಿರುತ್ತದೆ. ನಮ್ಮ ಸೋದರಮಾವ ಇದನ್ನು ಹಳೇ ಕ್ಯಾಲೆಂಡರಿನ ಹಿಂದೆ ಬರೆಯುತ್ತಾರೆ. ಒಟ್ಲು ಹಾಕುವುದನ್ನು ತೀರ್ಮಾನ ಮಾಡುವುದು ಅದನ್ನು ನೋಡಿಯೇ.